ಕೈಗಡದ ನಾಲಿಗೆ

ಪಿಎಸ್‌ಐ ಆಮ್ರಪಾಲಿ ನೆಲದ ಮೇಲೆ ಹಳೇ ಪೇಪರು ಹಾಸಿ ಕಸದ ಡಬ್ಬಿಯನ್ನು ಅದರ ಮೇಲೆ ಬೋರಲು ಹಾಕಿದಳು. ಬದನೆಕಾಯಿಯ ತೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಹುರಿದ ಶೇಂಗಾದ ಹೊಟ್ಟು, ಹುಣಸೆಯ ನಾರು ಗುಪ್ಪೆಯಾಗಿ ಬಿದ್ದವು. ನಿನ್ನೆಯ ಒಗ್ಗರಣೆಯ ವಾಸನೆ ಹುಳಿಯೇರಿ ಮೂಗಿಗೆ ಬಡಿಯಿತು.

ಹೆಡ್ ಕಾನ್‌ಸ್ಟೆಬಲ್ ಗೊಲ್ಲಾಳಪ್ಪ ಕರವಸ್ತ್ರ ತೆಗೆದ. "ಮೇಡಂ, ಈ ನೌಕರಿಯಾಗ ಹೆಣಾ ಹೊತ್ತೀನಿ, ಕುಡುಕರನ್ನ ಹೊತ್ತೀನಿ. ಬದನಿಕಾಯಿ ತೊಟ್ಟಿಗೆ ಪಂಚನಾಮಿ ಮಾಡೂದು ಇದ ಮೊದಲ ನೋಡ್ರಿ."

"ಮೂಗ ಮುಚ್ಚಬ್ಯಾಡ, ಕಣ್ಣ ತೆರಿ. ಇದರಾಗ ಏನಿಲ್ಲ ಹೇಳು."

"ಏನೈತಿ ಅಂತ ಕೇಳ್ರಿ, ಹೇಳ್ತೀನಿ. ಇಲ್ಲದ್ದನ್ನ ಹ್ಯಾಂಗ ಹೇಳ್ಲಿ?"

ಅವಳು ಪಕ್ಕದ ಮೇಜಿನ ಡಬ್ಬಿಯನ್ನೂ ಎತ್ತಿ ಸುರಿದಳು. ಅದರಲ್ಲಿ ಸಿಪ್ಪೆಗಳ ಜೊತೆಗೆ ಐಸ್‌ಕ್ರೀಮ್ ತಿನ್ನುವಂಥ ಚಪ್ಪಟೆ ಕಟ್ಟಿಗೆ ಚಮಚಗಳು ಬಿದ್ದಿದ್ದವು. ತುದಿಗೆ ಎಣ್ಣೆ, ಅರಿಶಿನದ ಕಲೆ. ಮೂರನೆಯ ಮೇಜಿನ ಡಬ್ಬಿಯಲ್ಲಿಯೂ ಅವೇ. ಮೊದಲು ಸುರಿದದ್ದು ವಿದ್ಯಾರ್ಥಿನಿ ಸೈಮಾಳ ಡಬ್ಬಿ, ಅದರಲ್ಲಿ ಮಾತ್ರ ಒಂದೂ ಇರಲಿಲ್ಲ.

ಗೊಲ್ಲಾಳಪ್ಪ ಕರವಸ್ತ್ರ ಇಳಿಸಿದ. ತಮಾಷೆಯೂ ಅದರ ಜೊತೆಗೇ ಇಳಿಯಿತು.

ತೊರವಿಯ ಹೊರವಲಯದ ಈ ಅಂತರರಾಷ್ಟ್ರೀಯ ಅಡುಗೆ ಶಾಲೆಯ ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಒಂದೇ ಮಾತು ಬರೆದಿತ್ತು: ತಾನು ರುಚಿ ನೋಡದ್ದನ್ನು ಇನ್ನೊಬ್ಬರಿಗೆ ಬಡಿಸಬೇಡ. ಒಗ್ಗರಣೆ ಆದಾಗ ಒಮ್ಮೆ, ಕುದಿ ಬಂದಾಗ ಒಮ್ಮೆ, ಇಳಿಸುವ ಮುಂಚೆ ಒಮ್ಮೆ ವಿದ್ಯಾರ್ಥಿ ಹೊಸ ಚಮಚ ತೆಗೆದುಕೊಂಡು ನೋಡಬೇಕು, ನೋಡಿದ ಚಮಚವನ್ನು ಡಬ್ಬಿಗೆ ಹಾಕಬೇಕು. ಪಾತ್ರೆಪಡಗ ತೊಳೆದಿಟ್ಟ ಮೇಲೂ ಪರೀಕ್ಷಕರು ಬಂದು ನೋಡುವತನಕ ಡಬ್ಬಿ ಚೆಲ್ಲುವಂತಿಲ್ಲ. ಎಷ್ಟು ಹಾಳು ಮಾಡಿದೆ, ಎಷ್ಟು ಸಲ ರುಚಿ ನೋಡಿದೆ ಎನ್ನುವುದಕ್ಕೂ ಅಂಕಗಳಿದ್ದವು.

ನಿನ್ನೆ ಮಧ್ಯಾಹ್ನದ ಕೊನೆಯ ಪರೀಕ್ಷೆಯಲ್ಲಿ, ಸೈಮಾ ಮಾಡಿದ ಒಣದ್ರಾಕ್ಷಿ ತುಂಬಿದ ಬದನೆಕಾಯಿ ಉಂಡು, ಪುಣೆಯಿಂದ ಬಂದಿದ್ದ ಪರೀಕ್ಷಕ ರಾಜಾರಾಮ ನೆಲಕ್ಕೆ ಬಿದ್ದಿದ್ದ. ಅವನು ಅರ್ಧ ಉಂಡು ಬಿಟ್ಟ ತಾಟಿನಲ್ಲಿ ಬದನೆಯ ಬೀಜಗಳ ನಡುವೆ ದತ್ತೂರಿ ಬೀಜ ಕಲೆತಿದ್ದವು ಎಂದು ವೈದ್ಯರು ಇಂದು ಮುಂಜಾನೆ ಹೇಳಿದ್ದರು.

ಹೊತ್ತು ಮುಳುಗುವುದರೊಳಗೆ ಹುಡುಗಿಯನ್ನು ಠಾಣೆಗೆ ಕರೆತರಬೇಕೆಂದು ಮೇಲಿನ ಸಾಹೇಬರ ಫೋನು ಬಂದಿತ್ತು. ಒಮ್ಮೆ ಎಫ್‌ಐಆರ್‌ನಲ್ಲಿ ಹೆಸರು ಬಿದ್ದರೆ ಮುಗಿಯಿತು. ಜೋರಾಪುರ ಪೇಟೆಯ ಸೈಮಾಳ ಓಣಿಯಿಂದ ಮೊದಲ ಬಾರಿಗೆ ಒಬ್ಬ ಹುಡುಗಿ ಪರದೇಶದ ದೊಡ್ಡ ಹೋಟೆಲಿನ ಅಡುಗೆಮನೆಗೆ ಕಲಿಯಲು ಹೊರಟಿದ್ದಳು. ಪಾಸ್‌ಪೋರ್ಟು ಬಂದಿತ್ತು, ವೀಸಾ ಬರುವುದಿತ್ತು. ವಿಷವಿಟ್ಟವಳೆಂದು ಹೆಸರಾದವಳ ಕೈಯ ಅಡುಗೆಯನ್ನು ಪರದೇಶದಲ್ಲಿರಲಿ, ಪಕ್ಕದ ಮನೆಯಲ್ಲಿಯೂ ಯಾರು ಉಣ್ಣುತ್ತಾರೆ?

"ರುಚಿ ನೋಡೀನಿ ಅಂತ ನಿನ್ನೆ ಹೇಳಿಕಿ ಕೊಟ್ಟಾಳಲ್ರಿ ಅಕಿ," ಎಂದ ಗೊಲ್ಲಾಳಪ್ಪ ಮೆಲ್ಲಗೆ.

"ಕೊಟ್ಟಾಳ."

"ಅಂದ್ರ ಸುಳ್ಳು."

ಆಮ್ರಪಾಲಿ ತಲೆ ಎತ್ತಿದಳು. ಬಾಗಿಲ ಕಡೆ ಕಪ್ಪುಬಸಿಯ ಸದ್ದಾಗಿತ್ತು.

ಶಾಲೆಯ ಪ್ರಾಚಾರ್ಯೆ ಸುಧಾರಾಣಿ ಟ್ರೇ ಹಿಡಿದು ಒಳಗೆ ಬಂದರು. ಹಡಗಿನ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದ ಹೆಂಗಸು. ಇಸ್ತ್ರಿ ಮುರಿಯದ ಇಳಕಲ್ ಸೀರೆ, ಎಂಥ ಹೊತ್ತಿನಲ್ಲೂ ಏರದ ದನಿ.

"ಮುಂಜಾನಿಂದ ನೀರೂ ಮುಟ್ಟಿಲ್ಲ ನೀವು. ಚಹಾ ತಗೋರಿ ಮೇಡಂ."

ಟ್ರೇಯನ್ನು ಮೇಜಿನ ಮೇಲಿಟ್ಟವರು ಒಂದು ಕ್ಷಣ ಕಪ್ಪುಗಳನ್ನು ನೋಡಿದರು. ಆಮ್ರಪಾಲಿಯ ಕಡೆಗಿದ್ದ ಕಪ್ಪಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಹಾರಿತ್ತು. ಸುಧಾರಾಣಿ ಟ್ರೇಯನ್ನು ಅರ್ಧ ಸುತ್ತು ತಿರುಗಿಸಿದರು. ಒಳ್ಳೆಯ ಕಪ್ಪು ಆಮ್ರಪಾಲಿಯ ಮುಂದೆ ಬಂತು, ಒಡಕು ಅವರ ಮುಂದೆ ಹೋಯಿತು.

ಆಮ್ರಪಾಲಿಯ ಅಜ್ಜಿ, ಟಿಕೋಟಾದ ಪರಸವ್ವ, ಹೀಗೆಯೇ ಮಾಡುತ್ತಿದ್ದಳು. ನೆಗ್ಗಿದ ಹಿತ್ತಾಳೆ ಲೋಟ ಯಾವತ್ತೂ ಅವಳ ಪಾಲಿಗೆ. ಆಮ್ರಪಾಲಿಗೆ ಸುಧಾರಾಣಿಯ ಮೇಲೆ ಒಂದಿಷ್ಟು ಪ್ರೀತಿ ಹುಟ್ಟಿತು. ಹುಟ್ಟಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ತನಿಖೆಯ ಮನೆಯಲ್ಲಿ ಪ್ರೀತಿ ಹುಟ್ಟಬಾರದು.

"ನಿಮ್ಮ ಮುಂದೂ ಒಂದ ತಾಟ ಇತ್ತಲ್ರಿ, ನಿನ್ನೆ. ನೀವ ಉಂಡ್ರಿ?"

"ಎಲ್ಲಿ ಉಣ್ಣೂದು ತಗೋರಿ. ತುತ್ತ ಎತ್ತೂದರಾಗ ಫೋನ್ ಬಂತು, ಎದ್ದು ಹೊರಗ ಹ್ವಾದೆ. ತಿರುಗಿ ಬರೂದರಾಗ ಅಡಗಿಮನಿಯವರು ತಾಟ ತಗದು ತೊಳದಿದ್ರು. ಇಲ್ಲಿ ಎದ್ದ ತಾಟ ಮೇಜಿನ ಮ್ಯಾಲ ಇಡಂಗಿಲ್ಲ." ಸುಧಾರಾಣಿ ಸೆರಗು ಸರಿಪಡಿಸಿಕೊಂಡರು. "ಉಂಡಿದ್ರ ನಾನೂ ಅವರ ಮಗ್ಗಲ ಹಾಸಿಗಿಗೇ ಇರ್ತಿದ್ನೋ ಏನೋ. ನೋಡ್ರಿ ಮೇಡಂ, ಸೈಮಾ ನನ್ನ ಮಗಳಿದ್ದಂಗ. ಅಕಿ ಹಂಗ ಮಾಡಾಕಿ ಅಲ್ಲ."

ಹೀಗೆ ಹೇಳಿ ಹೊರಟುಹೋದರು. ಚಹಾದ ಹದ ಸರಿಯಾಗಿತ್ತು, ಸಕ್ಕರೆಯೂ ಸರಿಯಾಗಿತ್ತು.

ಬೋಗುಣಿ ತೊಳೆದಾಗಿದೆ. ಪ್ರಾಚಾರ್ಯೆಯ ತಾಟೂ ತೊಳೆದಾಗಿದೆ. ಹಾಗಾದರೆ ವಿಷ ಬೋಗುಣಿಯಲ್ಲೇ ಇತ್ತೋ, ತಾಟಿಗೆ ಬಂದ ಮೇಲೆ ಬಿತ್ತೋ? ಅದನ್ನು ಹೇಳಬಲ್ಲದ್ದು ಒಂದೇ ಒಂದು. ಒಲೆಯ ಮೇಲಿದ್ದಾಗ ಆ ಅಡುಗೆಯನ್ನು ನಾಲಿಗೆಗೆ ಹಚ್ಚಿ, ಈಗಲೂ ನೆಟ್ಟಗೆ ನಿಂತಿರುವ ಒಬ್ಬ ಮನುಷ್ಯ.

ಅಂಥ ಮನುಷ್ಯ ಇದ್ದಾನೆಯೇ?

"ಕರಿ ಅವರನ್ನ," ಎಂದಳು. "ಸೈಮಾನ ಮೇಜಿನ ಇಬ್ಬರನ್ನೂ."

ಸೈಮಾ ಬಿಳಿ ಕೋಟಿನಲ್ಲಿಯೇ ಬಂದಳು, ತಲೆಗೆ ಕಟ್ಟಿದ ಕಪ್ಪು ಬಟ್ಟೆ ಹುಬ್ಬಿನತನಕ ಇಳಿದಿತ್ತು. ಅವಳ ಹಿಂದೆ ಸಂಗನಬಸವ, ಬಬಲೇಶ್ವರದ ಹುಡುಗ. ಕೋಟಿನ ಮೇಲಿನ ಗುಂಡಿಯ ಹತ್ತಿರ ಲಿಂಗದ ಕರಡಿಗೆಯ ದಾರ ಇಣುಕುತ್ತಿತ್ತು. ಇಬ್ಬರದೂ ಒಂದೇ ಮೇಜು. ಆಚೆ ಒಲೆ ಅವನದು, ಈಚೆ ಒಲೆ ಅವಳದು.

"ನೀರ ಕುಡಿ," ಎಂದು ಆಮ್ರಪಾಲಿ ಬಾಟಲಿ ಚಾಚಿದಳು.

"ಬ್ಯಾಡ್ರಿ," ಎಂದಳು ಸೈಮಾ. ತುಟಿ ಬಿರಿದಿದ್ದವು.

"ನಿನ್ನೆ ಬದನಿಕಾಯಿ ರುಚಿ ನೋಡೀನಿ ಅಂದೆಲ್ಲ?"

"ನೋಡೀನ್ರಿ."

"ಯಾವುದರಲೆ?"

"ಚಮಚಾದಲೇರಿ."

ಆಮ್ರಪಾಲಿ ಪೇಪರಿನ ಮೇಲಿನ ಗುಪ್ಪೆಯನ್ನು ಲಾಠಿಯ ತುದಿಯಿಂದ ಹರವಿದಳು. "ತೋರ್ಸು."

ಸೈಮಾ ನೋಡಿದಳು, ನೋಡುತ್ತಲೇ ನಿಂತಳು.

"ಚಮಚಾನೂ ನುಂಗಿದಿ ಏನ ಬೇ?" ಎಂದ ಗೊಲ್ಲಾಳಪ್ಪ.

ಪರಸವ್ವ ಮುಂಜಾನೆದ್ದು ಬುದ್ಧನ ಗಾಥೆ ಹೇಳುವಾಗ ಆಮ್ರಪಾಲಿ ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಅರ್ಥ ತಿಳಿಯುತ್ತಿರಲಿಲ್ಲ, ಆದರೆ ಅಜ್ಜಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎನ್ನುವುದು ತಿಳಿಯುತ್ತಿತ್ತು. ಬಾಯಿಪಾಠದ ಸಾಲಿಗೆ ಉಸಿರು ತಾನಾಗಿ ಬರುತ್ತದೆ, ಕಟ್ಟಿ ಹೇಳಿದ ಮಾತಿಗೆ ನಡುವೆ ಮುರಿಯುತ್ತದೆ. ಖಾಕಿ ತೊಟ್ಟ ಮೇಲೂ ಅವಳು ಜನರನ್ನು ಕೇಳುವುದು ಹಾಗೆಯೇ. 'ಚಮಚಾದಲೇರಿ' ಎನ್ನುವಾಗ ಸೈಮಾಳ ಉಸಿರು ಮುರಿದಿತ್ತು.

"ರೋಜಾ ಉಪಾಸ ಇದ್ದಿ, ಹೌದಿಲ್ಲೋ?"

"...ಹೌದ್ರಿ."

"ರೋಜಾ ಇದ್ದಾಕಿ ಹೆಂಗ ರುಚಿ ನೋಡ್ತೀ?"

"ನಾಲಿಗಿ ತುದಿಗೆ ಹಚ್ಚಿ ಉಗುಳಿದ್ರ ನಡೀತೈತಿ ಅಂತಾರ್ರಿ, ಅಡಗಿ ಮಾಡಾವರಿಗೆ. ನನಗ ಮನಸ್ಸ ಒಪ್ಪಲಿಲ್ಲ." ಈ ಸಾಲನ್ನು ಉಸಿರು ಮುರಿಯದೆ ಹೇಳಿದಳು. ಇದು ನಿಜ.

"ಅಂದ್ರ ನೋಡಿಲ್ಲ. ತಾ ಮಾಡಿದ್ದನ್ನ ತಾ ಮುಟ್ಟಲಾರದಾಕಿ. ಮುಟ್ಟೀನಿ ಅಂತ ಪೊಲೀಸರ ಮುಂದ ಸುಳ್ಳ ಹೇಳಾಕಿ. ನಮ್ಮ ಸಾಹೇಬರಿಗೆ ಇಷ್ಟ ಸಾಕು, ಸೈಮಾ. ಒಳಗೇನೈತಿ ಅಂತ ಗೊತ್ತಿದ್ದಾಕಿನ ಬಾಯಿಗೆ ಹಾಕ್ಕೊಳ್ಳಂಗಿಲ್ಲ ಅಂತಾರ ಅವರು."

ಸೈಮಾಳ ಕಣ್ಣು ತುಂಬಿದವು. ಆದರೂ ಅವಳು ಪಕ್ಕಕ್ಕೆ ನೋಡಲಿಲ್ಲ. ನೋಡಬಾರದೆಂದು ಕುತ್ತಿಗೆ ಬಿಗಿಹಿಡಿದಿದ್ದಳು. ಅದನ್ನು ಗಮನಿಸಿದ ಆಮ್ರಪಾಲಿ ತಾನೇ ಆ ಕಡೆ ನೋಡಿದಳು.

ಸಂಗನಬಸವ ಕರಡಿಗೆಯನ್ನು ಕೋಟಿನ ಮೇಲಿಂದ ಮುಷ್ಟಿಯಲ್ಲಿ ಹಿಡಿದಿದ್ದ.

"ಅಕಿದೇನ ತಪ್ಪಿಲ್ರಿ," ಎಂದ. "ಅಕಿ ನಾಲಿಗಿ ನಾ ಇದ್ದೆ."

"ಏ ಸಂಗ್ಯಾ!" ಸೈಮಾ ಸಿಡಿದಳು. "ಸುಮ್ಮನಿರು ಅಂದಿದ್ನಿಲ್ಲ?"

"ಎಷ್ಟತ್ತನಾ ಸುಮ್ಮನಿರ್ಲಿ? ನಿನ್ನ ಜೀಪಿನ್ಯಾಗ ಹಾಕ್ಕೊಂಡ ಹೋಗೂತನಾ?"

ಗೊಲ್ಲಾಳಪ್ಪ ಸ್ಟೂಲು ಎಳೆದುಕೊಂಡು ಕುಳಿತ. "ಬಿಡಿಸಿ ಹೇಳೋ ತಮ್ಮಾ. ನಾಲಿಗಿ ಇದ್ದೆ ಅಂದ್ರ ಏನು?"

ಸಂಗನಬಸವ ಹೇಳಿದ. ಮೊದಲು ತಡವರಿಸುತ್ತ, ಆಮೇಲೆ ತಡೆಯಿಲ್ಲದೆ. ಈ ಶಾಲೆಯಲ್ಲಿ ಮೀನು ಬಿಡಿಸುವುದು, ಕೋಳಿಯ ಎಲುಬು ಕುದಿಸಿ ಸಾರು ಇಳಿಸುವುದು ಎಲ್ಲವನ್ನೂ ಕಲಿಸುತ್ತಾರೆ. ಅವನ ಕೈ ಎಲ್ಲವನ್ನೂ ಕಲಿತಿತ್ತು, ಬಾಯಿ ಮಾತ್ರ ಮೀನು ಮಾಂಸ ಮುಟ್ಟದ ಮನೆಯ ನೇಮ ಬಿಟ್ಟಿರಲಿಲ್ಲ. ರುಚಿ ನೋಡದಿದ್ದರೆ ಫೇಲು. ಹಾಗಾಗಿ ಅವನ ಬೋಗುಣಿಯ ರುಚಿಯನ್ನು ಸೈಮಾ ನೋಡುತ್ತಿದ್ದಳು, ಯಾರಿಗೂ ಕಾಣದಂತೆ, ಅವನ ಚಮಚದಿಂದಲೇ. ರಮಜಾನ ಬಂತು. ಈಗ ಸೈಮಾಳ ಬೋಗುಣಿಯ ಸರದಿ ಅವನದು.

"ಕೈಗಡ ನಾಲಿಗಿರಿ," ಎಂದ ಸಂಗನಬಸವ. "ನಾವು ಹಂಗ ಅಂತಿದ್ವಿ. ಅಕಿದು ನಾ ತಗೊಂಡಿದ್ದೆ, ತಿರುಗಿ ಕೊಡಬೇಕಿತ್ತು. ಪರೀಕ್ಷಾದಾಗ ಮಾತಾಡಂಗಿಲ್ಲಲ್ರಿ, ಅದಕ್ಕ ಸೌಟಿನ ಹಿಡಕಿಲೆ ಮೇಜಿಗೆ ಬಡೀತಿದ್ವಿ. ಒಂದ ಏಟು ಬಡದ್ರ ಚೊಲೋ ಐತಿ, ಎರಡು ಬಡದ್ರ ಉಪ್ಪು ಹಾಕು."

"ಇದು ಹೊರಗ ಬಿದ್ರ ಇಬ್ಬರೂ ಫೇಲ್ರಿ," ಎಂದಳು ಸೈಮಾ ಕಣ್ಣೊರೆಸಿಕೊಂಡು. "ನನ್ನ ಸಂಬಂಧ ಇಂವನ ಸರ್ಟಿಫಿಕೇಟ್ ಯಾಕ ಹಾಳಾಗ್ಬೇಕು ಅಂತ ನಾನ ನೋಡೀನಿ ಅಂತ ಹೇಳಿದೆ."

ಸಿಕ್ಕ, ಆಮ್ರಪಾಲಿಗೆ ಬೇಕಾಗಿದ್ದ ಮನುಷ್ಯ ಸಿಕ್ಕ.

"ಅಂದ್ರ ಬೋಗುಣಿ ಒಲಿ ಮ್ಯಾಲ ಇದ್ದಾಗ ನೀ ರುಚಿ ನೋಡೀದಿ. ನಿನಗೇನೂ ಆಗಿಲ್ಲ, ನೆಟ್ಟಗ ಅದಿ. ಬೋಗುಣಿ ಚೊಲೋ ಇತ್ತು ಅಂತಾತು! ಲೇ ಹುಡುಗಾ, ಇಕಿ ಪಾಲಿಗೆ ನೀನ ಸಾಕ್ಷಿ."

ಗೊಲ್ಲಾಳಪ್ಪ ತೊಡೆ ತಟ್ಟಿದ. ಸೈಮಾ ಮೊದಲ ಸಲ ಪಕ್ಕಕ್ಕೆ ತಿರುಗಿ ಅವನನ್ನು ನೋಡಿದಳು.

ಸಂಗನಬಸವನ ತಲೆ ಮೇಲೇಳಲಿಲ್ಲ.

"ನಾ ನೋಡಿಲ್ರಿ," ಎಂದ.

ದೂರದ ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹಾಕಿ ಹೋಯಿತು.

"ಬಡದೀಯಲ್ಲೋ!" ಸೈಮಾಳ ದನಿ ಮೇಲಕ್ಕೂ ಏರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. "ಒಂದ ಏಟು. ನಾ ಕೇಳೀನಿ. ಕೇಳಿನ ಒಲಿ ಆರಿಸೀನಿ."

"ಬಡದೆ. ತಿನ್ನಲಾರದನ ಬಡದೆ." ಅವನ ಕಣ್ಣೀರು ನೇರ ಸ್ಟೀಲಿನ ಮೇಜಿನ ಮೇಲೆ ಬಿತ್ತು. "ನಿನ್ನ ಬದನಿಕಾಯಿ ಯಾವತ್ತ ಕೆಟ್ಟೈತಿ? ಚೊಲೋನ ಇರ್ತೈತಿ ಅಂತ ಬಡದೆ."

"ಯಾಕ ತಿನ್ನಲಿಲ್ಲ? ನಾ ಏನ ಮಾಡಿದ್ದೆ ನಿನಗ?"

"ಅದರಾಗ ಮೀನಿನ ಸಾಸ್ ಬಿದ್ದೈತಿ ಅಂದ್ರು."

ಸೈಮಾ ಬೆಪ್ಪಾದಳು. "ಮೀನಾ? ಎಣ್ಣಿ, ಶೇಂಗಾ, ಹುಣಸಿ, ಹೊನವಾಡದ ಮಣೂಕ ದ್ರಾಕ್ಷಿ. ಇಷ್ಟ. ಮೀನು ಎಲ್ಲಿಂದ ಈಜಿ ಬರಬೇಕೋ?"

"ಆ ಕಡೆ ಮೇಜಿನ ಮ್ಯಾಲ ಬಾಟ್ಲಿ ಇತ್ತಲ್ಲ. ನೀ ಅವರ ಕಡೆಯಿಂದ ಇಸಕೊಂಡಿರಬೇಕು ಅಂತ ತಿಳಕೊಂಡೆ. ಕೇಳಾಕ ಮಾತಾಡಂಗಿಲ್ಲ."

ಆಮ್ರಪಾಲಿ ಇಬ್ಬರ ನಡುವೆ ಲಾಠಿ ಅಡ್ಡ ಇಟ್ಟಳು.

"ಯಾರಂದ್ರು?"

ಹುಡುಗ ಬಾಗಿಲಿನ ಕಡೆ ನೋಡಿದ. ಯಾರೂ ಇರಲಿಲ್ಲ.

"ಮಗ್ಗಲ ಬಂದು ಕಿವ್ಯಾಗ ಹೇಳಿದ್ರು. 'ಅಕಿ ಬೋಗುಣ್ಯಾಗ ಮೀನಿನ ಸಾಸ್ ಐತಿ, ನಿನ್ನ ನಾಲಿಗಿ ಹುಷಾರು' ಅಂತ. ನಕ್ಕೋತ ಹ್ವಾದ್ರು."

"ಯಾರಲೇ?"

"ರಾಜಾರಾಮ ಸರ್."

ಗೊಲ್ಲಾಳಪ್ಪ ಸ್ಟೂಲು ಮುಂದಕ್ಕೆ ಎಳೆದುಕೊಂಡ. "ವಿಷಾ ಉಂಡು ದವಾಖಾನ್ಯಾಗ ಮಲಗ್ಯಾನಲ್ಲ, ಆ ರಾಜಾರಾಮ?"

"ಅವರ ರಿ."

ಆಮ್ರಪಾಲಿ ಎದ್ದು ಕಿಟಕಿಯ ಹತ್ತಿರ ಹೋದಳು. ಗೇಟಿನ ಆಚೆ ಸೈಮಾಳ ಅಪ್ಪ ಸೈಫುದ್ದೀನ ಸ್ಕೂಟರಿಗೆ ಒರಗಿ ನಿಂತಿದ್ದ. ನಿನ್ನೆಯಿಂದ ಹಾಗೆಯೇ ನಿಂತಿದ್ದಾನೇನೋ ಅನ್ನಿಸಿತು. ಅವನ ಹಿಂದೆ ಜೋಳ ಕೊಯ್ದ ಹೊಲಗಳ ಮೇಲೆ ಸೂರ್ಯ ಕೆಳಗಿಳಿಯುತ್ತಿದ್ದ.

ಹುಡುಗ ರುಚಿ ನೋಡಿದ್ದರೆ ಬೋಗುಣಿ ಚೊಲೋ ಇತ್ತು ಎನ್ನುವುದಕ್ಕೆ ಸಾಕ್ಷಿ ಹುಟ್ಟುತ್ತಿತ್ತು. ಆಗ ಎಲ್ಲರ ಕಣ್ಣು ಊಟದ ಮೇಜಿನ ಕಡೆ ತಿರುಗುತ್ತಿತ್ತು. ಆ ಸಾಕ್ಷಿ ಹುಟ್ಟಲೇಬಾರದು, ಎಲ್ಲ ಒಲೆಯ ತಲೆಗೇ ಬರಬೇಕು ಎಂದು ಯಾರೋ ಬಯಸಿದ್ದರು. ಒಂದು ನಾಲಿಗೆಯನ್ನು ರೋಜಾ ಮುಚ್ಚಿತ್ತು. ಇನ್ನೊಂದನ್ನು ಒಂದು ಪಿಸುಮಾತು ಮುಚ್ಚಿತು. ಪಿಸುಗುಟ್ಟಿದವನೇ ಈಗ ಹಾಸಿಗೆಯ ಮೇಲೆ ಬಿದ್ದಿದ್ದಾನೆ.

ತಾನು ಇಟ್ಟದ್ದನ್ನು ತಾನೇ ಉಣ್ಣುವವರುಂಟೇ?

"ಒಂದ ತಿಳಿಯಾಕವಲ್ದು," ಎಂದಳು ತಿರುಗಿ. "ನಿಮ್ಮ ಕೈಗಡದ ಮಾತು ಪುಣೆದಿಂದ ನಿನ್ನೆ ಬಂದ ಮನುಷ್ಯಾಗ ಹ್ಯಾಂಗ ಗೊತ್ತು?"

ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡರು.

"ಯಾರಿಗೂ ಗೊತ್ತಿಲ್ರಿ," ಎಂದಳು ಸೈಮಾ. ಆಮೇಲೆ, "ಒಬ್ಬರಿಗೆ ಬಿಟ್ಟು."

"ಚಳಿಗಾಲದಾಗ ಒಮ್ಮಿ ಸಿಕ್ಕೊಂಡಿದ್ವಿ," ಎಂದ ಸಂಗನಬಸವ. "ನಾ ಇಳಿಸಿದ ಕೋಳಿ ಸಾರು ಇಕಿ ನೋಡಾಕತ್ತಿದ್ಲು. ಸುಧಾರಾಣಿ ಮೇಡಂ ಹಿಂದ ನಿಂತಿದ್ರು. ಬೈತಾರ ಅನ್ಕೊಂಡ್ವಿ, ಬೈಲಿಲ್ಲ. 'ನಾ ನೋಡೇ ಇಲ್ಲ ತಗೋರಿ' ಅಂದು ನಕ್ಕು ಹ್ವಾದ್ರು. ಅವತ್ತಿನಿಂದ ಅವರಂದ್ರ ನಮಗ ದೇವರು."

ಗೊಲ್ಲಾಳಪ್ಪ ಏನೋ ಹೇಳಹೋದ. ಆಮ್ರಪಾಲಿ ಕೈ ಎತ್ತಿ ತಡೆದಳು. ಅವಳ ಕಿವಿಯಲ್ಲಿ ಮುಂಜಾನೆಯ ಆಸ್ಪತ್ರೆಯ ಕೋಣೆ ಮತ್ತೆ ತೆರೆದುಕೊಂಡಿತ್ತು.

ರಾಜಾರಾಮನ ಕಣ್ಣಪಾಪೆಗಳು ದೊಡ್ಡವಾಗಿ ಕಪ್ಪಗೆ ಹರಡಿದ್ದವು. ಒಣಗಿದ ಬಾಯಿ. ಗಾಳಿಯಲ್ಲಿ ಇಲ್ಲದ ದಾರ ಬಿಡಿಸುತ್ತಿದ್ದ ಬೆರಳುಗಳು. ಬಾಯಿಗೆ ಬಂದದ್ದನ್ನು ಬಡಬಡಿಸುತ್ತಿದ್ದ, ಯಾವುದೋ ಬಸ್ಸು, ಯಾರದೋ ಮದುವೆ, ಒಂದಕ್ಕೊಂದು ತಾಳವಿಲ್ಲ. ದತ್ತೂರಿ ಹೊಟ್ಟೆಗೆ ಹೋದವರು ಹಾಗೆಯೇ ಎಂದು ವೈದ್ಯರು ಹೇಳಿದ್ದರು. ಆದರೆ ಆ ಗದ್ದಲದ ನಡುವೆ ಒಂದು ಸಾಲು ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಅದೇ ಉಸಿರು, ಎಲ್ಲಿಯೂ ಮುರಿಯದ ಇಡೀ ಉಸಿರು.

'ಆ ತಾಟ ನಂದಲ್ಲ.'

"ಸೈಮಾ, ನಿನ್ನೆ ತಾಟ ಇಟ್ಟಾಕಿ ನೀನ?"

"ನಾನ ರಿ. ಎರಡೂ ಬಡಿಸಿ, ಮುಚ್ಚಿ, ಬಾಗಲ ಹತ್ತರ ಸಣ್ಣ ಮೇಜಿನ ಮ್ಯಾಲ ಇಟ್ಟು ನೀರ ತರಾಕ ಹ್ವಾದೆ. ತಿರುಗಿ ಬಂದಾಗ ರಾಜಾರಾಮ ಸರ್ ಅಲ್ಲೇ ನಿಂತಿದ್ರು, ಮುಚ್ಚಳ ತಗದು ನೋಡಾಕತ್ತಿದ್ರು. ಬಡಿಸಿದ್ದು ಚಂದ ಐತಿ ಅಂದ್ರು. ಆಮ್ಯಾಲ ಬೆರಳ ಮಾಡಿ, 'ಇದು ಮೇಡಂಗೆ, ಇದು ನನಗ' ಅಂದ್ರು."

"ಅವರ ಅಂದ್ರಾ?"

"ಹೌದ್ರಿ. ಹಂಗ ಇಟ್ಟೆ."

"ಉಂಡಿದ್ದೂ ಹಂಗನಾ?"

ಸೈಮಾ ಹುಬ್ಬು ಗಂಟಿಕ್ಕಿದಳು. ಇಂಥ ಮಾತನ್ನೂ ಕೇಳುತ್ತಾರೆಯೇ ಎನ್ನುವಂತೆ. "ಇಲ್ರಿ. ಸರ್ ಕೈ ತೊಳಕೊಳ್ಳಾಕ ಎದ್ದು ಹ್ವಾದ್ರು. ಅಷ್ಟರಾಗ ಮೇಡಂ ತಾಟ ಅದಲಬದಲ ಮಾಡಿದ್ರು. ಸರ್ ಮುಂದಿನ ತಾಟಿನ ಅಂಚು ಚೂರು ಒಡದಿತ್ತಂತ. 'ಪಾವ್ಣೇರಿಗೆ ಒಡಕು ತಾಟ ಇಡತಾರೇನ ಹುಚ್ಚಿ' ಅಂದು, ತಮ್ಮದನ್ನ ಅವರ ಮುಂದ ಇಟ್ರು, ಒಡಕು ತಾವ ತಗೊಂಡ್ರು. ನನಗ ನಾಚಿಕಿ ಆತು, ಗಡಿಬಿಡ್ಯಾಗ ನೋಡಿರಲಿಲ್ಲ."

"ಇದನ್ನ ನಿನ್ನೆ ಯಾಕ ಹೇಳಲಿಲ್ಲವಾ?"

"ಇದೇನ ಹೇಳೂ ಮಾತೇನ್ರಿ? ನಮ್ಮನ್ಯಾಗ ದಿನಾ ಮಾಡ್ತೇವಲ್ಲ. ನೀವ ಮಾಡಂಗಿಲ್ಲೇನು?"

ಮಾಡುತ್ತೇವೆ, ಎಂದುಕೊಂಡಳು ಆಮ್ರಪಾಲಿ. ಟಿಕೋಟಾದಲ್ಲೂ ಮಾಡುತ್ತೇವೆ, ಬಬಲೇಶ್ವರದಲ್ಲೂ ಮಾಡುತ್ತಾರೆ. ಎಲ್ಲರೂ ಮಾಡುವುದನ್ನು ಯಾರೂ ನೋಡುವುದಿಲ್ಲ. ನೋಡಿದರೂ ಹೇಳಿಕೆಯಲ್ಲಿ ಬರೆಸುವುದಿಲ್ಲ. ಈ ನೆಲದಲ್ಲಿ ಒಂದು ತಾಟನ್ನು ಎಲ್ಲರ ಕಣ್ಣೆದುರಿಗೇ, ನಗುನಗುತ್ತ, ಬೇರೆಯವರ ಮುಂದೆ ಸರಿಸಲು ಇದಕ್ಕಿಂತ ಒಳ್ಳೆಯ ನೆಪ ಎಲ್ಲಿದೆ?

ಕೈ ತೊಳೆದು ಬಂದವನಿಗೆ ಗೊತ್ತಾಗಲಿಲ್ಲ. ಎರಡು ತಾಟಿನ ಊಟವೂ ಒಂದೇ ಥರ ಇತ್ತು. ಉಂಡ. ಎದುರಿನವರು ಉಣ್ಣದೆ ಎದ್ದು ಹೋದರು. ತಾನುಂಡದ್ದು ತನ್ನ ತಾಟಲ್ಲವೆಂದು ಬೀಳುವ ಮುಂಚೆ ಯಾವುದೋ ಗಳಿಗೆಯಲ್ಲಿ ಅವನಿಗೆ ಹೊಳೆಯಿತು.

"ಆ ಒಡಕು ನೀ ಕಣ್ಣಾರೆ ನೋಡಿದೇನು?"

"ಇಲ್ರಿ. ಮೇಡಂ ಅಂದ್ರು."

"ಗೊಲ್ಲಾಳಪ್ಪ."

ಅವನು ಆಗಲೇ ಎದ್ದಿದ್ದ. ಗೋಡೆಯ ಕಪಾಟಿನಲ್ಲಿ ಬಿಳಿ ಪಿಂಗಾಣಿ ತಾಟುಗಳು ಅಡಕಲಾಗಿ ನಿಂತಿದ್ದವು. ಒಂದೊಂದನ್ನೇ ತೆಗೆದು, ರೊಟ್ಟಿಯ ಅಂಚು ಸವರುವ ಹಾಗೆ ಬೆರಳಾಡಿಸಿದ. ಕೆಳಗಿನದನ್ನೂ ನೋಡಿದ. ತೊಳೆಯುವ ತೊಟ್ಟಿಯ ಪಕ್ಕದವನ್ನೂ ನೋಡಿದ.

"ಒಂದೂ ಒಡದಿಲ್ರಿ ಮೇಡಂ. ಎಲ್ಲಾ ಸುದ್ದ ಅದಾವ."

"ಒಡದದ್ದನ್ನ ಹೊರಗ ಚೆಲ್ಲಿದ್ರೂ ಚೆಲ್ಲಿರಬಹುದು," ಎಂದಳು ಆಮ್ರಪಾಲಿ. ತನಗೆ ತಾನೇ ಹೇಳಿಕೊಂಡಳು. ಮಧ್ಯಾಹ್ನದ ಕಪ್ಪಿನ ಅಂಚು ನಿಜವಾಗಿ ಒಡೆದಿತ್ತು, ಅದನ್ನು ಅವಳೇ ನೋಡಿದ್ದಳು. ಅದು ಮರ್ಯಾದೆ. ನಿನ್ನೆಯದೂ ಮರ್ಯಾದೆಯೇ ಇರಬಹುದು. ಮರ್ಯಾದೆಯಿಂದಲೇ ಒಂದು ಹೆಂಗಸಿನ ಜೀವ ಉಳಿದಿರಬಹುದು, ವಿಷ ಇಟ್ಟವನ ಬಾಯಿಗೇ ತಿರುಗಿ ಹೋಗಿರಬಹುದು.

ಆದರೆ ಈ ಹುಡುಗರ ಗುಟ್ಟನ್ನು ರಾಜಾರಾಮನ ಕಿವಿಗೆ ಹಾಕಿದವರು ಯಾರು? ಗೊತ್ತಿದ್ದವರು ಒಬ್ಬರೇ. ಹಾಗಿದ್ದರೆ ಅವನು ಏನು ಮಾಡಲಿದ್ದಾನೆ ಎನ್ನುವುದೂ ಅವರಿಗೆ ಮೊದಲೇ ಗೊತ್ತಿತ್ತೇ?

ಫೋನು ನಡುಗಿತು. ಮೇಲಿನ ಸಾಹೇಬರು. ಹೊತ್ತು ಮುಳುಗುತ್ತಿತ್ತು. ಆಮ್ರಪಾಲಿ ಅದನ್ನು ಎತ್ತಲಿಲ್ಲ, ಕಿಸೆಗೆ ಹಾಕಿಕೊಂಡಳು.

"ಜೀಪ್ ತಗೀಲೇನ್ರಿ?" ಗೊಲ್ಲಾಳಪ್ಪ ಸೈಮಾಳ ಕಡೆ ನೋಡದೆ ಕೇಳಿದ.

"ಇನ್ನ ಬ್ಯಾಡ."

ಆಗ ಬಾಗಿಲ ಕಡೆ ಮತ್ತೆ ಗಾಜಿನ ಸದ್ದಾಯಿತು. ಈ ಸಲ ಕಪ್ಪುಬಸಿಯಲ್ಲ.

"ಅಯ್ಯ, ಇನ್ನೂ ಹಿಡಕೊಂಡ ಕುಂತೀರೇನ ಹುಡುಗರನ್ನ?" ಸುಧಾರಾಣಿ ಒಳಗೆ ಬಂದರು. ಟ್ರೇಯಲ್ಲಿ ಎರಡು ಗಾಜಿನ ಲೋಟ, ಎರಡರಲ್ಲೂ ಕೆಂಪು ಶರಬತ್ತು, ನಡುವೆ ಒಂದು ಬಟ್ಟಲು ಖರ್ಜೂರ. "ಹೊತ್ತ ಮುಳುಗೂದ ಬಂತು. ನನ್ನ ಮಗಳಿಗೆ ರೋಜಾ ಬಿಡಸಬೇಕಲ್ಲ. ಅಕಿ ಜೋಡಿ ನಾನೂ ಒಂದ ಗುಟುಕ ಕುಡೀತೀನಿ."

ಅವರು ಎಷ್ಟು ಹೊತ್ತಿನಿಂದ ಬಾಗಿಲ ಆಚೆ ನಿಂತಿದ್ದರೋ ಯಾರಿಗೂ ತಿಳಿಯದು. ಮುಖದಲ್ಲಿ ಅದೇ ನಗೆ, ಸೀರೆಯ ಇಸ್ತ್ರಿ ಹಾಗೆಯೇ ಇತ್ತು.

ಟ್ರೇ ಮೇಜಿಗೆ ಬಂತು. ಒಂದು ಲೋಟ ಸೈಮಾಳ ಕಡೆ, ಒಂದು ಅವರ ಕಡೆ. ಸುಧಾರಾಣಿ ಒಂದು ಕ್ಷಣ ಲೋಟಗಳನ್ನು ನೋಡಿದರು. ಆಮೇಲೆ ಟ್ರೇಯನ್ನು ಅರ್ಧ ಸುತ್ತು ತಿರುಗಿಸಿದರು.

"ಇವತ್ತಿನ ಪಾವ್ಣಿ ನೀನ, ತಗೋವಾ."

ತೊರವಿಯ ಮಸೀದಿಯಿಂದ ಆಜಾನಿನ ಮೊದಲ ಎಳೆ ತೇಲಿ ಬಂತು. ಇಡೀ ದಿನದ ಬಾಯಾರಿಕೆಯ ಕೈ ತಾನಾಗಿ ಮುಂದೆ ಚಾಚಿತು.

ಆಮ್ರಪಾಲಿ ಲೋಟಗಳ ಅಂಚು ನೋಡಿದಳು. ಮುಳುಗುವ ಬಿಸಿಲು ಎರಡರ ಮೇಲೂ ಓರೆಯಾಗಿ ಬಿದ್ದಿತ್ತು. ಸೈಮಾಳ ಮುಂದಿನದು ಉಂಗುರದಂತೆ ನುಣುಪಾಗಿತ್ತು. ಸುಧಾರಾಣಿಯ ಮುಂದಿನದೂ ಅಷ್ಟೇ ನುಣುಪಾಗಿತ್ತು. ಎಲ್ಲಿಯೂ ಒಡಕಿಲ್ಲ, ಚೂರು ಹಾರಿದ ಗುರುತಿಲ್ಲ.

ಅವಳ ಅಂಗೈ ಹೋಗಿ ಸೈಮಾಳ ಲೋಟದ ಬಾಯಿ ಮುಚ್ಚಿತು.

"ನಿನ್ನ ಕಿಸೇದಾಗ ಖರ್ಜೂರ ಅದಾವೇನ ಬೇ?"

"ಅಮ್ಮಿ ಕಟ್ಟಿಕೊಟ್ಟಾಳ್ರಿ," ಎಂದಳು ಸೈಮಾ, ಏನೂ ತಿಳಿಯದೆ.

"ಅದನ್ನ ತಿನ್ನು. ನನ್ನ ಬಾಟ್ಲಿ ನೀರ ಕುಡಿ."

ಸೈಮಾ ಕೋಟಿನ ಕಿಸೆಯಿಂದ ಬಟ್ಟೆಯ ಗಂಟು ಬಿಚ್ಚಿದಳು. ಬಿಸ್ಮಿಲ್ಲಾ ಎಂದು ಖರ್ಜೂರ ಕಚ್ಚಿದಳು. ಸಂಗನಬಸವ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದ, ಆ ತುತ್ತನ್ನಾದರೂ ತಾನು ಮೊದಲು ನೋಡಬೇಕಿತ್ತು ಎನ್ನುವವನಂತೆ.

ಆಮ್ರಪಾಲಿ ಟ್ರೇಯ ಅಂಚು ಹಿಡಿದಳು. ಹಗುರಾಗಿ, ಶರಬತ್ತು ತುಳುಕದಂತೆ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದಳು.

"ಲೋಟ ಎರಡೂ ಸುದ್ದ ಅದಾವಲ್ರಿ ಮೇಡಂ. ತಿರುಗಿಸಿದ್ದು ಯಾಕ?"

ಸುಧಾರಾಣಿ ನಕ್ಕರು. "ಕೈ ರೂಢಿರಿ. ಯಾವಾಗಲೂ ತಿರುಗಿಸಿ ತಿರುಗಿಸಿ..."

ಆ ಸಾಲಿನ ನಡುವೆ ಉಸಿರು ಮುರಿಯಿತು. ಬೇರೆ ಯಾರಿಗೂ ಕೇಳಿಸಲಿಲ್ಲ.

"ಹೌದ? ಹಂಗಿದ್ರ ಒಂದ ಗುಟುಕು," ಎಂದಳು ಆಮ್ರಪಾಲಿ, ಅಷ್ಟೇ ಮರ್ಯಾದೆಯಿಂದ. "ಮೊದಲ ನೀವ ಕುಡೀರಿ."

ಆಜಾನು ಮುಗಿಯಿತು. ಸುಧಾರಾಣಿಯ ಮುಖದ ನಗೆ ಇದ್ದಲ್ಲಿಯೇ ಇತ್ತು. ಲೋಟ ಎತ್ತಬೇಕಾದ ಕೈಯೂ ಇದ್ದಲ್ಲಿಯೇ ಇತ್ತು.